ಎಂಟು ತಿಂಗಳ ಆರೈಕೆ

...ಕುಡೀಲಿಲ್ಲ! ಒಬ್ಬರೂ ಕುಡೀಲಿಲ್ಲ, ಲೊರೇನ್. ಇಪ್ಪತ್ತಾರು ಜನ, ಇಪ್ಪತ್ತಾರು ಪ್ಲಾಸ್ಟಿಕ್ ಲೋಟ. ಅವರವರ ಲೋಟಕ್ಕೆ ಅವರವರೇ ಉಗಿದದ್ದು. ಪಾಠ ಮಾಡೋ ಆ ಪ್ರೆಂಟಿಸ್ ತಣ್ಣಗೆ ನಿಂತ್ಕೊಂಡು, 'ಈಗ ಅದನ್ನೇ ಕುಡೀರಿ' ಅಂದಳು. 'ಈಗ ತಾನೆ ನಿಮ್ಮ ಬಾಯೊಳಗೇ ಇತ್ತಲ್ಲ, ನಿಮ್ಮದೇ ಅಲ್ವಾ, ಹೊರಗೆ ಬಂದಿದ್ದೇ ತಡ ಏನಾಗೋಯ್ತು?' ಅಂತ. ಥೂ! ಐವತ್ಮೂರು ವರ್ಷದ ಗಂಡಸು ನಾನು, ಉಗುಳಿನ ಲೋಟ ಹಿಡ್ಕೊಂಡು ಕೂತಿದ್ದೆ. ಇದು ಪಾಠವಂತೆ. ಅಸಹ್ಯದ ಬಗ್ಗೆ ಪಾಠ.

ಯಾಕೆ ನಗ್ತೀಯ? ನಗು, ನಗು. ಇಸ್ತ್ರಿ ನಿಲ್ಲಿಸಬೇಡ, ನಿನ್ನ ಕೆಲಸ ನೀನು ಮಾಡು. ಸಂಜೆ ಪಾಳಿಗೆ ಹೋಗ್ಬೇಕಲ್ವಾ ನೀನು? ಆ ವೃದ್ಧಾಶ್ರಮದೋರು ಒಂದು ಜೊತೆ ಸಮವಸ್ತ್ರ ಹೆಚ್ಚಿಗೆ ಕೊಟ್ರೆ ಅವರಪ್ಪನ ಗಂಟೇನು ಹೋಗುತ್ತೆ... ಆ ಕಾಗದ? ಅಲ್ಲೇ ಇರಲಿ, ಸಕ್ಕರೆ ಡಬ್ಬಿ ಪಕ್ಕ. ಒಂದು ಸಹಿ, ಅಷ್ಟೇ. ಟೀ ಮುಗಿಸಿ ಹಾಕಿದ್ರಾಯ್ತು. ಶುಕ್ರವಾರ ಕೊನೇ ದಿನ.

'ಮತಾಂತರ' ಅಂತ ನೀನು ಗೇಲಿ ಮಾಡ್ತಿದ್ದೆಯಲ್ಲ, ಸರಿಯಾಗೇ ಹೇಳಿದ್ದೆ. ಕನ್ವರ್ಷನ್ ಕೋರ್ಸು! ಬೇರೇನೋ ಓದಿ ಬಂದೋರನ್ನ ಒಂದೇ ವರ್ಷ ಅದ್ದಿ ತೆಗೆದು ಮನಶ್ಶಾಸ್ತ್ರದೋರನ್ನಾಗಿ ಮಾಡೋದು. ಒಬ್ಬ ಇತಿಹಾಸ ಓದಿದೋನು, ಒಬ್ಬಳು ಫ್ರೆಂಚು. ನಾನು? ಯಾವ ಕಾಲದ್ದೋ ರಸಾಯನಶಾಸ್ತ್ರದ ಪದವಿ. ಆಮೇಲೆ ಇಪ್ಪತ್ತೇಳು ವರ್ಷ ಗ್ರಿಮ್ಸ್‌ಬಿ ಬಂದರಿನ ಕಟ್ಟೆಯಲ್ಲಿ ಮೀನು ಮೂಸಿದೋನು. ಕಿವಿರು ಬಿಡಿಸು, ಮೂಗಿಡು. ಇದು ಸರಿ, ಇದು ಹೋಯ್ತು, ಮುಂದಿನ ಪೆಟ್ಟಿಗೆ. ಮೊದಲನೇ ದಿನ ಆ ಇಮೊಜೆನ್ ಇದಾಳಲ್ಲ, ಇಪ್ಪತ್ತೆರಡರ ಹುಡುಗಿ, ನನ್ನ ಕೆಲಸ ಏನಿತ್ತು ಅಂತ ಕೇಳಿದಳು, ಹೇಳಿದೆ. ಕುರ್ಚಿ ಒಂದು ಗೇಣು ಆಚೆ ಸರೀತು! ಮೀನು ಬಿಟ್ಟು ವರ್ಷವಾಗಿತ್ತು ಕಣೇ ನಾನು.

ದುಃಖಕ್ಕೆ ಅಂಕ ಕೊಡ್ತಾರೆ ಅಲ್ಲಿ. ಒಂದರಿಂದ ಏಳು. 'ಕಳೆದ ಎರಡು ವಾರದಲ್ಲಿ ನಿಮಗೆಷ್ಟು ಸಲ ಬೇಸರವಾಯಿತು?' ಒಂದು ಹಾಕಿದ್ರೆ ಸುಳ್ಳು, ಏಳು ಹಾಕಿದ್ರೆ ಗಣಿತ ಕೆಡುತ್ತೆ, ಅವನನ್ನ ಲೆಕ್ಕದಿಂದ ತೆಗೆದುಹಾಕಿ ಅಂತಾರೆ. ಹೇಸಿಗೆ!

ಅದಕ್ಕಿಂತ ಹೇಸಿಗೆ ಯಾವುದು ಗೊತ್ತಾ? 'ಅನುಭವ'. ಎಲ್ಲರಿಗೂ ಅದೇ ಹುಚ್ಚು. ಅನುಭವ ಇಲ್ದೆ ಕೆಲಸ ಇಲ್ಲವಲ್ಲ. ಈ ಇಮೊಜೆನ್ ನಿಮ್ಮಂಥದ್ದೇ ಒಂದು ವೃದ್ಧಾಶ್ರಮಕ್ಕೆ ಮೂರು ಶನಿವಾರ ಹೋಗಿ ಯಾರೋ ಮುದುಕಿಗೆ ಉಗುರಿಗೆ ಬಣ್ಣ ಹಚ್ಚಿ ಬಂದಳು. ಅರ್ಜೀಲಿ ಏನು ಬರೆದಳು ಹೇಳು? 'ಮರೆವಿನ ರೋಗಿಗಳ ಭಾವಲೋಕದೊಂದಿಗೆ ನಿರಂತರ ಒಡನಾಟ'! ನೋಡು, ನೀನೂ ನಗ್ತೀಯ. ಅವಳ ಅಜ್ಜಿ ಸತ್ತಾಗ ಅತ್ತಳು, ಪಾಪ, ನಾನೇ ಕೈಗೆ ಕರ್ಚೀಫು ಕೊಟ್ಟೆ. ಕಣ್ಣು ಒರೆಸ್ಕೊಂಡು ಕೇಳ್ತಾಳೆ, 'ನೈಜೆಲ್, ಇದನ್ನ ಅರ್ಜೀಲಿ ಹಾಕ್ಬಹುದಾ?' ಅಂತ. ಸಾವನ್ನೂ ಬಿಡಲ್ಲ ಕಣೇ ಈ ಮಕ್ಕಳು! ಹೆಣದ ಮೇಲಿನ ಹೂವನ್ನೂ ಕಿತ್ತು ಮುಡ್ಕೋತಾರೆ.

ನಾನಾ? ನಾನು ಹಂಗಲ್ಲ. ನಂದು ನಿಜವಾಗ್ಲೂ ನಡೆದದ್ದಲ್ವಾ. ನಿಮ್ಮಕ್ಕ. ಹಿಲರಿ. ಹಾಸಿಗೆ ಹಿಡಿದು ಸಾಯೋ ತನಕ ಎಂಟು ತಿಂಗಳು. ಅದನ್ನೇ ಬರೆದೆ. ಸೇರೋವಾಗ ಸಂದರ್ಶನದಲ್ಲೂ ಅದನ್ನೇ ಹೇಳಿದ್ದೆ, ಆ ಪ್ರೆಂಟಿಸ್ ಕನ್ನಡಕ ತೆಗೆದು ಒರೆಸ್ಕೊಂಡಳು. ಈಗ ಈ ಆಸ್ಪತ್ರೆ ಕೆಲಸ ಇದೆಯಲ್ಲ, ಮಾನಸಿಕ ವಾರ್ಡಲ್ಲಿ ಸಹಾಯಕ. ಅವರು ಕಣ್ಣಾರೆ ಕಂಡೋರ ಸಹಿ ಕೇಳ್ತಾರೆ. ಕಂಡೋಳು ನೀನೊಬ್ಬಳೇ. ಇದು ಕೈ ತಪ್ಪಿದ್ರೆ ಈ ವಯಸ್ಸಿಗೆ ಇನ್ಯಾರು ಕರೀತಾರೆ ನನ್ನ? ಮತ್ತೆ ಅದೇ ಕಟ್ಟೆ, ಅದೇ ಐಸು...

ಓದ್ತೀಯಾ? ಓದೋ ಅಗತ್ಯ ಏನೂ... ಓದು, ಓದು. ಕೆಳಗಡೆ ಗೆರೆ ಎಳೆದಿದೆ, ಅಲ್ಲಿ ಸಹಿ.

ಎಲ್ಲಿ? ಯಾವ ಸಾಲು? ಬೆರಳು ತೆಗಿ ನೋಡೋಣ. 'ಶಸ್ತ್ರಚಿಕಿತ್ಸೆಯ ನಂತರ ಪತ್ನಿಯ ಹೊಟ್ಟೆಗೆ ಅಂಟಿಸಿದ್ದ ಮಲದ ಚೀಲವನ್ನು ದಿನಕ್ಕೆ ನಾಲ್ಕೈದು ಬಾರಿ ನಾನೇ ಖಾಲಿ ಮಾಡುತ್ತಿದ್ದೆ.' ಅದು... ಅದು ಅರ್ಜಿ ಭಾಷೆ. 'ನಾನು' ಅಂದ್ರೆ ಮನೆಯೋರೆಲ್ಲ. 'ನಾವು' ಅಂತ ಬರೀಲೇಬಾರದು ಅಂತ ಅಲ್ಲಿ ಹೇಳ್ಕೊಡ್ತಾರೆ ಲೊರೇನ್! ನಾವು ಅಂದ್ರೆ ಅಂಕ ಇಲ್ಲ. 'ನಾವು ಯಾರು? ನೀವೇನು ಮಾಡಿದ್ರಿ?' ಅಂತ ಕೇಳ್ತಾರೆ.

ಮಾಡ್ಲಿಲ್ವಾ ನಾನು? ಔಷಧಿ ಯಾರು ತಂದದ್ದು? ಆ ಚೀಲಗಳ ಡಬ್ಬ ಮಹಡಿಗೆ ಹೊತ್ತದ್ದು ಯಾರು? ಬೆಳಿಗ್ಗೆ ಬೆಳಿಗ್ಗೆ ಟೀ ಮಾಡಿ ಬಾಗಿಲ ತನಕ... ಬಾಗಿಲ ಹತ್ರ ಆ ಮೇಜಿತ್ತಲ್ಲ, ಅಲ್ಲಿ ಇಡ್ತಿದ್ದೆ. ನೀನು ಒಳಗೆ ತಗೊಂಡು ಹೋಗ್ತಿದ್ದೆ. ಒಂದು ದಿನ ತಪ್ಪಿಸಿದ್ದೀನಾ ನಾನು? ಹೇಳು.

ಹೇಳು ಅಂದೆ.

ಇಸ್ತ್ರಿ ಪೆಟ್ಟಿಗೆ ಯಾಕೆ ಆರಿಸಿದೆ?

ಹಿಂಗೆ ನೋಡ್ಕೊಂಡು ಸುಮ್ಮನಿರಬೇಡ ಮಾರಾಯ್ತಿ. ಬೈದುಬಿಡು. ಈ ಸುಮ್ಮನಿರೋದು ನನಗೆ ಗೊತ್ತು, ಇದನ್ನೂ ಕಲಿಸಿದ್ದಾರೆ. ಎದುರಿಗಿರೋನು ಸುತ್ತಿ ಬಳಸಿ ಮಾತಾಡ್ತಾ ಇದ್ರೆ ನೀವು ಬಾಯಿ ತೆರೀಬೇಡಿ, ಮನಸ್ಸಲ್ಲೇ ಹತ್ತರ ತನಕ ಎಣಿಸಿ, ಏಳಕ್ಕೆಲ್ಲ ಅವನೇ ಕಕ್ಕುತ್ತಾನೆ ಅಂತ. ನಿನಗ್ಯಾರು ಕಲಿಸಿದ್ರು ಇದನ್ನ?

...

ಏಪ್ರಿಲ್‌ನಲ್ಲಿ. ಆಸ್ಪತ್ರೆಯಿಂದ ಬಂದು ಮೂರನೇ ದಿನ. ಚೀಲ ಬಿಚ್ಕೊಂಡಿತ್ತು. ಹಾಸಿಗೆ, ಅವಳ ರಾತ್ರಿ ಅಂಗಿ, ಎಲ್ಲ. ಅವಳು ಅಳ್ತಿರಲಿಲ್ಲ. ಹಿಲರಿ ಅಳ್ತಾಳಾ? 'ಫಜೀತಿ ಆಯ್ತಲ್ಲೋ, ಒಂದು ಟವಲು ಕೊಡ್ತೀಯಾ ನೈಜೆಲ್' ಅಂದಳು. ಅಷ್ಟೇ. ಒರೆಸು ಅನ್ನಲಿಲ್ಲ, ತೊಳಿ ಅನ್ನಲಿಲ್ಲ. ಒಂದು ಟವಲು. ಕುರ್ಚಿ ಮೇಲೇ ಇತ್ತು.

ಕೊಳೆತ ಹ್ಯಾಡಕ್ ಮೀನಿನ ಕಿವಿರೊಳಗೆ ಮೂಗಿಟ್ಟೋನು ನಾನು, ಲೊರೇನ್. ಅದೇ ಮೂಗು ಮುಚ್ಕೊಂಡೆ. ಅಂಗೈಯಲ್ಲಿ. ಅವಳು ನೋಡ್ಬಿಟ್ಟಳು.

ಕೆಳಗೆ ಬಂದು ನಿನಗೆ ಫೋನು ಮಾಡಿದೆ. 'ಒಂದೇ ಒಂದು ದಿನ ಬಾ' ಅಂದೆ ಅಲ್ವಾ? ಒಂದು ದಿನ ಅಂದಿದ್ದೆ... ಆಮೇಲೆ ನೀನೂ ಹೊರಡಲಿಲ್ಲ, ನಾನೂ ಆ ಕೋಣೆ... ಅವಳು ಕರೆದಾಗ್ಲೆಲ್ಲ ನಿನ್ನ ಹೆಸರನ್ನೇ ಕರೀತಿದ್ದಳು. ನನ್ನ ಹೆಸರು ಮತ್ತೆ ಕರೀಲಿಲ್ಲ ಅವಳು. ಗಮನಿಸಿದ್ದೆಯಾ ನೀನು? ಗಮನಿಸಿರ್ತೀಯ.

ಮೂರು ಶನಿವಾರ ಹೋದಳು ಕಣೇ ಆ ಹುಡುಗಿ. ಉಗುರಿಗೆ ಬಣ್ಣ ಹಚ್ಚಬೇಕಾದ್ರೆ ಕೈ ಹಿಡ್ಕೋಬೇಕಲ್ವಾ. ಕೈಯಾದ್ರೂ ಹಿಡ್ಕೊಂಡಿರ್ತಾಳೆ ಅವಳು.

ಅಯ್ಯೋ... ನನ್ನ ಕೈಗಿಷ್ಟು... ಟೀ ಎಲ್ಲ ಚೆಲ್ಲಿಹೋಯ್ತು, ಕಾಗದದ ಮೇಲೂ... ಇರಲಿ, ಕಾಗದ ಹೋಗ್ಲಿ ಬಿಡು. ನಿನ್ನ ಸಮವಸ್ತ್ರ ಎತ್ಕೋ, ಮೇಜಿಂದ ಸೋರ್ತಾ ಇದೆ, ಏನಾದ್ರೂ...

ಏನಿದು. ಟವಲು.

ನಾನಿನ್ನೂ ಕೇಳೇ ಇರಲಿಲ್ಲವಲ್ಲೇ, ಲೊರೇನ್.