ಹಾಲು ಕೊಟ್ಟ ಎತ್ತು

ತೀರಿಹೋದ ನನ್ನಾಕೆಯ ತಿಂಗಳ ಪೂಜೆಗೆ ಬಿಲ್ವಪತ್ರೆ ಕೊಂಡು ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಕುಳಿತಿದ್ದೆ. ಕಂಪ್ಯೂಟರ್ ಪರೀಕ್ಷೆ ಮುಗಿಸಿದ ಇಬ್ಬರು ಹುಡುಗಿಯರು ಬಂದು ಪಕ್ಕದಲ್ಲಿ ಕುಳಿತರು.

“ನನ್ನ ಪ್ರೋಗ್ರಾಮಲ್ಲಿ ಎತ್ತು ಆರು ಲೀಟರ್ ಹಾಲು ಕೊಡ್ತು ಕಣೆ ಸಿಂಧು. ‘ಅಂಥ ಎತ್ತು ನಮ್ಮನೆಗೂ ಒಂದು ಕೊಡಿಸಮ್ಮ’ ಅಂದ್ರು ಸಾರು. ಫೇಲ್ ಮಾಡ್ಬುಟ್ರು.”

“ನೀನು ಪ್ರೋಗ್ರಾಮಲ್ಲಿ ಎತ್ತಿನ ಕ್ಲಾಸನ್ನ, ಅದೇ ಎತ್ತಿನ ಅಚ್ಚನ್ನ, ಹಸುವಿನ ಕ್ಲಾಸಿಗೆ ಮಗು ಮಾಡಿದ್ದೆ ಗಂಗಾ. ತಾಯಿಗೆ ಬರೆದಿದ್ದೆಲ್ಲ ಮಗುಗೂ ಬತ್ತದೆ.”

“‘ಕೆಲಸ ಮಾಡು’ ಅಂತ ಒಂದೇ ಮಾತು ಹೇಳಿದ್ರೆ ಹಸು ಹಾಲು ಕೊಡಬೇಕು, ಎತ್ತು ಉಳಬೇಕು, ಅಲ್ವಾ?”

“ಊಂ. ಎತ್ತಿನ ಕೆಲಸಾನ ಎತ್ತಿನ ಕ್ಲಾಸಲ್ಲೇ ಬೇರೆ ಬರೀಬೇಕಿತ್ತು. ಅದೊಂದ್ನ ಬುಟ್ಟಿದ್ದೆ.”

“ನಿಂಗೆ ಯಾವಾಗ ಗೊತ್ತಾಯ್ತು?”

“ಪರೀಕ್ಷೆಗೆ ಅಂತ ಬರೆದಿದ್ದನ್ನ ನಿನ್ನೆ ನೀನು ತೋರಿಸ್ದಾಗ್ಲೇ.”

“ಮತ್ತೆ ಯಾಕೆ ಯೋಳ್ಲಿಲ್ಲ?”

“ವಾರದಿಂದ ನೀನು ನನ್ನ ಬುಟ್ಟು ರಮ್ಯನ ಜೊತೆ ಊಟಕ್ಕೆ ಕೂರ್ತಿದ್ದೆ. ಹೊಟ್ಟೆ ಉರೀತಿತ್ತು. ತಪ್ಪಾಯ್ತು ಕಣೆ.”

ಭೀಮನಬೀಡಿನ ಬಸ್ಸು ಬಂತು. ಸಿಂಧು ಎದ್ದಳು.

“ಬಾ, ಕಿಟಕಿ ಸೀಟು ನಿಂಗೇ.”

“ನೀ ಓಗು. ನಾನು ಮುಂದಿನದಕ್ಕೆ ಬತ್ತೀನಿ.”

ಸಿಂಧು ಹತ್ತಿದಳು. ಕಿಟಕಿಯ ಸೀಟನ್ನು ಖಾಲಿ ಬಿಟ್ಟು ಅದರ ಪಕ್ಕದಲ್ಲಿ ಕುಳಿತಳು. ಬಸ್ಸು ಹಾಗೆಯೇ ಹೊರಟಿತು.