ಅಮ್ಮನ ಕೋಣೆಯ ಎಸಿ

ಮಂಡಿನೋವಿಗೆಂದು ಡಾಕ್ಟರ ಬಾಗಿಲಲ್ಲಿ ಕಾದಿದ್ದ ಮುದಿ ಬಡಗಿಯ ಕಿವಿಗೆ ಪಕ್ಕದ ಬೆಂಚಿನ ಮಾತು ತಾನಾಗಿ ಬಂದು ಬಿತ್ತು. ತಾಯಿ ಶಾಲು ಹೊದ್ದು ಕೆಮ್ಮುತ್ತಿದ್ದಳು. ಮಗ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಬಂದಿದ್ದ ದರ್ಜಿ.

“ನಿನ್ನ ಹೆಂಡತಿ ಬೇಕಂತಲೇ ನನ್ನ ಕೋಣೆ ಎಸಿ ಹದಿನೆಂಟಕ್ಕೆ ಇಳಿಸ್ತಾಳೆ ಕಣೋ.”

“ನಿನ್ನ ಬೈಗುಳ ತಾಳಲಾರದೆ ಅವಳು ತವರಿಗೆ ಹೋಗಿ ನಾಲ್ಕು ದಿನ ಆಯ್ತಲ್ಲಮ್ಮ.”

“ನಿನ್ನೆ ಮಧ್ಯಾಹ್ನವೂ ಇಳೀತಲ್ಲೋ! ರಿಮೋಟಲ್ಲಿ ಇಪ್ಪತ್ತೆಂಟು ಮಾಡಿ ಮಲಗಿದೆ. ಕಣ್ಣು ಮುಚ್ಚೋದ್ರೊಳಗೆ ಮತ್ತೆ ಹದಿನೆಂಟು.”

“ಇದೊಳ್ಳೆ ಕಥೆ! ಮಹಡಿ ಮೇಲೆ ನಂದು ಉಲ್ಟಾ. ಫೋನಲ್ಲಿ ಹದಿನೆಂಟು ಒತ್ತಿದ್ರೆ ತಾನಾಗೇ ಇಪ್ಪತ್ತೆಂಟಕ್ಕೆ ಏರತ್ತೆ. ಮತ್ತೆ ಇಳಿಸ್ತೀನಿ. ಮೇಲಿನ ನನ್ನ ಹೊಲಿಗೆ ಕೋಣೆ ಮಾತ್ರ ತಣ್ಣಗಾಗೋದೇ ಇಲ್ಲ.”

“ಎರಡಕ್ಕೂ ದೆವ್ವ ಹಿಡಿದಿದೆಯೇನೋ?”

ಬಡಗಿಗೂ ತಲೆ ಸುತ್ತಿತು. ದೇವರೇ, ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ಬೆರಳು ಮಡಿಸತೊಡಗಿದ.

ಮಗ ಫೋನು ತೆಗೆದು ತೋರಿಸಿದ. “ಎರಡೂ ಎಸಿನ ವೈಫೈಗೆ ಸೇರಿಸಿದವನು ಫೋನಲ್ಲಿ ಹೆಸರು ಹಾಕಿಕೊಟ್ಟಿದ್ದಾನಮ್ಮ. ಇದು ‘ಮೇಲಿನ ಕೋಣೆ’, ಇದು ‘ಅಮ್ಮ’.”

“ಆ ‘ಅಮ್ಮ’ ಅನ್ನೋದನ್ನ ಯಾವತ್ತಾದರೂ ಒತ್ತಿದ್ದೀಯಾ?”

“ಇಲ್ಲ. ನಿನ್ನ ಹತ್ರ ರಿಮೋಟ್ ಇದೆಯಲ್ಲ ಅಂತ...”

ಮಗನ ಬೆರಳು ಅಲ್ಲೇ ನಿಂತಿತು.

“ಅಯ್ಯೋ, ಹೆಸರು ಅದಲುಬದಲು ಮಾಡಿಬಿಟ್ಟಿದ್ದಾನೆ. ನಾನು ‘ಮೇಲಿನ ಕೋಣೆ’ ಅಂತ ಒತ್ತಿದ್ದೆಲ್ಲ ನಿನ್ನ ಎಸಿಗೆ ಹೋಗಿದೆ, ನೀನು ರಿಮೋಟಲ್ಲಿ ಏರಿಸಿದ್ದು ನನ್ನ ಫೋನಲ್ಲಿ ಕಂಡಿದೆ. ನಿನ್ನ ಇಷ್ಟು ದಿನ ನಡುಗಿಸಿದ್ದು ನಾನೇ!”

“ಹಾಗಾದ್ರೆ ಅವಳು?”

“ಅವಳು ಏನನ್ನೂ ಮುಟ್ಟಿಲ್ಲಮ್ಮ.”

ಅಷ್ಟರಲ್ಲಿ ನರ್ಸ್ ತಾಯಿ ಮಗನನ್ನು ಒಳಗೆ ಕರೆದಳು. ತಾಯಿ ಎದ್ದು ಹೊರಬಾಗಿಲ ಕಡೆಗೆ ತಿರುಗಿದಳು.

“ಡಾಕ್ಟರು ನಾಳೆಯೂ ಸಿಗ್ತಾರೆ. ನಡಿ ಬೀಗರ ಮನೆಗೆ. ನಾನೇ ಹೋಗಿ ಕರೀಬೇಕು.”

ಕೆಮ್ಮುತ್ತಲೇ ಅವಳು ಮೆಟ್ಟಿಲಿಳಿದಳು. ಮಗ ಚಪ್ಪಲಿ ಹುಡುಕಿಕೊಂಡು ಹಿಂದೆ ಓಡಿದ.