ತಣ್ಣಗಿರುವಾಗ ನೋಡಬೇಕು

ಅವಳು ಬಾಲ್ಕನಿಯಲ್ಲಿ ಒದ್ದೆ ಬಟ್ಟೆಗಳನ್ನು ಕೊಡವಿ ಹರವುತ್ತಿದ್ದಾಗ ಕೆಳಗಿನಿಂದ ಮಾತು ಕೇಳಿಸಿತು. ಗಂಡ ಮಾರಲಿಟ್ಟ ಕಾರನ್ನು ನೋಡಲು ಒಬ್ಬ ಅಕ್ಕ, ಅವಳ ತಮ್ಮ ಬಂದಿದ್ದರು. ಗಂಡ ಫೋನ್ ಹಿಡಿದು ಗೇಟಿನಾಚೆ ಹೋಗಿದ್ದ.

“ಓಡ್ಸಿ ನೋಡಿದ್ವಲ್ಲಕ್ಕ, ಬೆಣ್ಣೆ ಥರ ಹೋಗುತ್ತೆ.”

“ನಾವು ಬರೋ ಮೊದ್ಲೇ ಬಾನೆಟ್ ಬಿಸಿ ಇತ್ತು ಕಣೋ.”

“ಎಲ್ಲೋ ಹೋಗಿ ಬಂದಿರ್ತಾರೆ ಬಿಡು.”

“ಇದು ಒಳಗೇ ಎರಡು ಕ್ಲಚ್ಚಿರೋ ಆಟೋಮ್ಯಾಟಿಕ್ಕು, ಕಾಲಲ್ಲಿ ತುಳಿಯೋದೇನಿಲ್ಲ. ತಣ್ಣಗಿರುವಾಗ ಹೊರಡಿಸಿದ್ರೆ ಜಗ್ಗುತ್ತಾ ಅಂತ ನೋಡ್ಬೇಕು.”

“ಭಾವನ್ನೂ ಹೀಗೇ ಪರೀಕ್ಷೆ ಮಾಡಿದ್ಯಾ?”

“ಮಾಡಿದ್ದಿದ್ರೆ ಇವತ್ತು ನಿನ್ನ ಮನೇಲಿ ಯಾಕಿರ್ತಿದ್ದೆ?”

ತಮ್ಮ ತೆರೆದಿದ್ದ ಕಾರಿನ ಬಾಗಿಲನ್ನು ಮುಚ್ಚಿದ.

“ಈ ಎಡಗಾಲಲ್ಲಿ ಕ್ಲಚ್ ತುಳಿಯೋಕಾಗಲ್ಲ. ಇಂಥದ್ದೊಂದಿದ್ರೆ ಕೆಲಸಕ್ಕೆ ನಾನೇ ಹೋಗ್ಬಹುದು, ಯಾರ ದಾರೀನೂ ಕಾಯ್ಬೇಕಿಲ್ಲ. ಅದಕ್ಕೇ ಹೇಳಿದ್ದು, ನಾಳೆ ಬೆಳಿಗ್ಗೆ ಬಂದು ನೋಡೋಣ.”

ಅಷ್ಟರಲ್ಲಿ ಗಂಡ ಬಂದ. “ಧಾರಾಳವಾಗಿ ಬನ್ನಿ ಮೇಡಂ. ಅಲ್ಲೀವರೆಗೂ ಗಾಡಿ ಮುಟ್ಟೋದೇ ಇಲ್ಲ.”

ಅಕ್ಕ ಎಡಗಾಲೆಳೆಯುತ್ತ, ತಮ್ಮ ಅವಳ ಹೆಜ್ಜೆಗೆ ಹೆಜ್ಜೆ ಹೊಂದಿಸುತ್ತ ರಸ್ತೆಯ ತಿರುವು ದಾಟಿದರು.

ಗಂಡ ಮೇಲೆ ಬಂದ. “ನಾಳೆ ಬೇಗ ಎಬ್ಬಿಸೇ. ಇವತ್ತಿನ ಹಾಗೇ ಅವರು ಬರೋ ಮುಂಚೆ ಒಂದು ರೌಂಡ್ ಹೊಡೆದು ಬರ್ತೀನಿ. ಬಿಸಿಯಾದ್ರೆ ಜಗ್ಗೋದು ಗೊತ್ತಾಗಲ್ಲ.”

“ಹೂಂ,” ಎಂದಳು.

ಮದುವೆಯಾದಾಗಿನಿಂದ ಅವಳು ಎಬ್ಬಿಸದೆ ಅವನು ಎದ್ದವನಲ್ಲ. ಕೊನೆಯ ಅಂಗಿಯನ್ನು ಕೊಡವಿ ತಂತಿಗೆ ಹಾಕಿ, ಕ್ಲಿಪ್ಪು ಸಿಕ್ಕಿಸಿದಳು. ನಾಳೆ ಅವನನ್ನು ಗೇಟಿನ ಸದ್ದೇ ಎಬ್ಬಿಸಲಿ ಎಂದುಕೊಂಡು ಖಾಲಿ ಬಕೆಟ್ಟನ್ನೆತ್ತಿಕೊಂಡು ಒಳಗೆ ನಡೆದಳು.